ರೇಡಿಯೇಟರ್ ಸೋರುತ್ತಿದೆಯೆ? ಮೊದಲು ಕ್ಯಾನ್ ಕೆಳಗಿಡಿ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹದಿನೈದು ಇಪ್ಪತ್ತು ವರ್ಷ ಓಡಿದ ಕಾರುಗಳ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಒಂದು ನೀರಿನ ಕ್ಯಾನ್ ಇರುವುದು ಸಾಮಾನ್ಯ. ಬೆಳಿಗ್ಗೆ ಹೊರಡುವ ಮುನ್ನ ರೇಡಿಯೇಟರಿಗೆ ಅರ್ಧ ಲೀಟರ್ ಹೊಯ್ದರೆ ಸಂಜೆಯವರೆಗೆ ಚಿಂತೆಯಿಲ್ಲ ಎಂಬ ಲೆಕ್ಕ. ಆ ನೀರು ಬಹುಪಾಲು ಬೋರ್‌ವೆಲ್‌ನದು. ಸೋರುವ ಕಾರಿಗೆ ದಿನವೂ ಬೋರ್‌ವೆಲ್ ನೀರು ಕುಡಿಸುತ್ತಿದ್ದರೆ ಸೋರಿಕೆ ಇನ್ನಷ್ಟು ಬೆಳೆಯುತ್ತದೆ. ಏಕೆ ಎಂಬುದು ತಿಳಿದರೆ ಸೋರುವ ಜಾಗವನ್ನು ಹುಡುಕುವುದೂ ಸುಲಭವಾಗುತ್ತದೆ.

ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖ ಸೈಲೆನ್ಸರ್ ಮೂಲಕ ಹೋಗುತ್ತದೆ. ಉಳಿದದ್ದನ್ನು ಎಂಜಿನ್‌ನ ಒಳಗೆ ಸುತ್ತುವ ದ್ರವ ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ವಾಟರ್ ಪಂಪ್ ಆ ದ್ರವವನ್ನು ತಳ್ಳುತ್ತದೆ. ಥರ್ಮೋಸ್ಟಾಟ್ 82 ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆದು ರೇಡಿಯೇಟರಿನ ದಾರಿ ಬಿಡುತ್ತದೆ. ಗೌರಿಬಿದನೂರಿನ ಬಯಲು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಎದುರು ಗಾಳಿಯೇ ಈ ಕೆಲಸಕ್ಕೆ ಸಾಕು. ಭಾನುವಾರ ಬೆಳಿಗ್ಗೆ ಸಾಲುಗಟ್ಟಿದ ವಾಹನಗಳ ನಡುವೆ ಫಸ್ಟ್ ಗೇರಿನಲ್ಲಿ ನಂದಿ ಬೆಟ್ಟ ಹತ್ತುವಾಗ ಶಾಖ ಹೆಚ್ಚು, ಗಾಳಿ ಕಡಿಮೆ. ಬಯಲಿನಲ್ಲಿ ಸುಮ್ಮನಿದ್ದ ಸಣ್ಣ ಸೋರಿಕೆ ಅಲ್ಲಿ ಹಬೆಯಾಗಿ ಹೊರಬೀಳುತ್ತದೆ.

ಮುಚ್ಚಳ ಎಂಬ ತೂಬು

ಎತ್ತರಕ್ಕೆ ಹೋದಂತೆ ನೀರು ಕುದಿಯುವ ಬಿಂದು ಇಳಿಯುತ್ತದೆ. ಚಿಕ್ಕಬಳ್ಳಾಪುರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಯ ನೆತ್ತಿಯಲ್ಲಿ 95ಕ್ಕೆ. ತೊಂಬತ್ತರ ಹತ್ತಿರ ಓಡುವ ಎಂಜಿನ್‌ಗೆ ಈ ಅಂತರ ಸಾಲದು. ಅದಕ್ಕೇ ರೇಡಿಯೇಟರಿಗೆ ಒತ್ತಡ ಹಿಡಿಯುವ ಮುಚ್ಚಳ. ಅದರ ಮೇಲೆ 0.9 ಎಂದು ಬರೆದಿದ್ದರೆ ಚದರ ಸೆಂಟಿಮೀಟರಿಗೆ 0.9 ಕಿಲೋ ಒತ್ತಡದವರೆಗೆ ಅದು ದ್ರವವನ್ನು ಒಳಗೇ ಹಿಡಿದಿಡುತ್ತದೆ ಎಂದರ್ಥ. ಅಷ್ಟು ಒತ್ತಡದಲ್ಲಿ ನಮ್ಮೂರಿನ ನೀರು 116 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ಅರ್ಧದಷ್ಟು ಎಥಿಲೀನ್ ಗ್ಲೈಕಾಲ್ ಬೆರೆತ ಕೂಲಂಟ್ ಆದರೆ ಇನ್ನೂ ಏಳೆಂಟು ಡಿಗ್ರಿ ಮೇಲೆ.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ನೀರು ಗೊತ್ತುಮಾಡಿದ ಮಟ್ಟ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವ ಗೇಟುಗಳವು. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಮಾಡುವುದೂ ಇದೇ ಕಾವಲು. ಒತ್ತಡ ಮೀರಿದಾಗ ಹೆಚ್ಚಾದ ದ್ರವವನ್ನು ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿಗೆ ಬಿಡುತ್ತದೆ. ಎಂಜಿನ್ ತಣಿದಾಗ ಇನ್ನೊಂದು ಪುಟ್ಟ ವಾಲ್ವ್ ಅದನ್ನು ಮರಳಿ ಒಳಗೆಳೆದುಕೊಳ್ಳುತ್ತದೆ. ರಬ್ಬರ್ ಸೆಟೆದ ಮುಚ್ಚಳ ಒತ್ತಡ ಹಿಡಿಯದು. ಆಗ ಎಲ್ಲೂ ತೂತಿಲ್ಲದೆಯೇ ನೀರು ಖಾಲಿಯಾಗುತ್ತದೆ. ಆದ್ದರಿಂದ ಸೋರಿಕೆಯ ಹುಡುಕಾಟದಲ್ಲಿ ಮೊದಲ ಪರೀಕ್ಷೆ ಮುಚ್ಚಳಕ್ಕೇ ಆಗಬೇಕು. ಅದೇ ಎಲ್ಲಕ್ಕಿಂತ ಅಗ್ಗದ ದುರಸ್ತಿ ಕೂಡ.

ಬಿಸಿ ಎಂಜಿನ್‌ನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು ಎನ್ನುವುದಕ್ಕೂ ಇಲ್ಲೇ ಉತ್ತರವಿದೆ. ಒತ್ತಡದಲ್ಲಿ 116 ಡಿಗ್ರಿಗೆ ಕಾದ ನಾಲ್ಕು ಲೀಟರ್ ನೀರಿಗೆ ಒಮ್ಮೆಲೇ ಬಾಯಿ ತೆರೆದರೆ ಅದರಲ್ಲಿ ನೂರು ಮಿಲಿಲೀಟರಿಗೂ ಹೆಚ್ಚು ಕ್ಷಣದಲ್ಲಿ ಹಬೆಯಾಗುತ್ತದೆ. ನೀರು ಹಬೆಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಇನ್ನೂರು ಲೀಟರಿನಷ್ಟು ಹಬೆ ಉಳಿದ ಕುದಿನೀರನ್ನೂ ಎತ್ತಿಕೊಂಡು ಮುಖಕ್ಕೆ ನುಗ್ಗುತ್ತದೆ. ಮುಚ್ಚಳ, ಮೇಲಿನ ಹೋಸ್ ಎರಡೂ ಕೈಗೆ ತಣ್ಣಗೆ ತಾಗುವವರೆಗೆ ಕಾಯಲೇಬೇಕು.

ಗಡಸು ನೀರಿನ ಹಾನಿ

ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಸಾವಿರ ಅಡಿಗೂ ಆಳದಿಂದ ಮೇಲೆತ್ತುವ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು, ಹಲವೆಡೆ ಫ್ಲೋರೈಡನ್ನೂ ಕರಗಿಸಿಕೊಂಡಿರುತ್ತದೆ. ಕಾಯಿಸಿದಾಗ ಕ್ಯಾಲ್ಸಿಯಂ ಬೈಕಾರ್ಬನೇಟ್ ಒಡೆದು ಸುಣ್ಣದ ಕಲ್ಲಿನದೇ ವಸ್ತುವಾದ ಕ್ಯಾಲ್ಸಿಯಂ ಕಾರ್ಬನೇಟ್ ಪೊರೆಯಾಗಿ ಅಂಟುತ್ತದೆ. ರೇಷ್ಮೆ ಗೂಡು ಬೇಯಿಸಲು ದಿನವೂ ನೀರು ಕಾಯಿಸುವ ಶಿಡ್ಲಘಟ್ಟದ ರೀಲರುಗಳಿಗೆ ಈ ಬಿಳಿ ಪೊರೆ ಹೊಸದಲ್ಲ. ಎಂಜಿನ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಒಮ್ಮೆ ತುಂಬಿದ ನೀರಿನಲ್ಲಿರುವ ಲವಣ ಸ್ವಲ್ಪವೇ. ಸೋರುವ ಕಾರಿನ ಲೆಕ್ಕ ಬೇರೆ. ಹಬೆಯಾಗಿ ನೀರು ಹೋದರೂ ಲವಣ ಒಳಗೇ ಉಳಿಯುತ್ತದೆ, ಹೊಸದಾಗಿ ಹೊಯ್ದ ನೀರು ಇನ್ನಷ್ಟು ತರುತ್ತದೆ. ಬೇರೆ ಮೂಲವಿಲ್ಲದಾಗ ಕುಡಿಯುವ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂವರೆಗಿನ ಗಡಸುತನವನ್ನು ಭಾರತೀಯ ಮಾನಕ ಒಪ್ಪುತ್ತದೆ. ಅಂಥ ನೀರನ್ನು ವಾರಕ್ಕೊಂದು ಲೀಟರಿನಂತೆ ಸುರಿದರೆ ವರ್ಷಕ್ಕೆ 31 ಗ್ರಾಂ ಲವಣ ಎಂಜಿನ್ ಸೇರುತ್ತದೆ. ಈ ಪೊರೆ ಶಾಖ ಸಾಗಿಸುವುದು ಅಲ್ಯೂಮಿನಿಯಂ ಸಾಗಿಸುವುದರ ನೂರನೇ ಒಂದು ಪಾಲಿನಷ್ಟು. ತೆಳುವಾದ ಪದರವೇ ಎಂಜಿನ್ ಕಾಯುವಂತೆ ಮಾಡುತ್ತದೆ. ನೀರಿನಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಂನ ರಕ್ಷಣಾ ಪದರವನ್ನು ಕೊರೆದು ಸೂಜಿಮೊನೆಯಷ್ಟು ತೂತುಗಳನ್ನು ಮಾಡುತ್ತದೆ. ಹೀಗೆ ಸೋರಿಕೆಗೆಂದು ಹೊಯ್ದ ನೀರೇ ಹೊಸ ಸೋರಿಕೆಗಳನ್ನು ಹುಟ್ಟಿಸುತ್ತದೆ.

ಹುಡುಕುವ ಕ್ರಮ

ರಾತ್ರಿಯಿಡೀ ತಣಿದ ಎಂಜಿನ್‌ನಲ್ಲಿ ಪ್ಲಾಸ್ಟಿಕ್ ಟ್ಯಾಂಕಿನ ಮಟ್ಟಕ್ಕೆ ಮಾರ್ಕರಿನಿಂದ ಗುರುತು ಹಾಕಿ, ಕೆಲವು ದಿನ ಅದೇ ಹೊತ್ತಿಗೆ ನೋಡಿ. ಮಟ್ಟ ಇಳಿಯುತ್ತಿದ್ದರೆ ಸೋರಿಕೆ ಖಚಿತ. ಕಾರಿನ ಕೆಳಗೆ ರಟ್ಟು ಹಾಸಿದರೆ ಹನಿ ಎಲ್ಲಿ ಬೀಳುತ್ತದೆಂದು ತಿಳಿಯುತ್ತದೆ. ಎ.ಸಿ. ನೀರು ಬಣ್ಣವಿಲ್ಲದ್ದು, ಬೆರಳಿಗೆ ಅಂಟದು. ಕೂಲಂಟ್ ಬಣ್ಣದ್ದು, ಜಿಡ್ಡಾಗಿರುತ್ತದೆ, ಸಿಹಿ ವಾಸನೆ ಸೂಸುತ್ತದೆ.

ಆಮೇಲೆ ಟಾರ್ಚ್ ಹಿಡಿದು ಒಣಗಿದ ಕಲೆಗಳನ್ನು ಹುಡುಕಬೇಕು. ಬಿಸಿ ಲೋಹದ ಮೇಲೆ ಸೋರಿದ ದ್ರವ ಆರಿ ಹೋಗುತ್ತದೆ. ಅದರ ಲವಣ, ಬಣ್ಣ ಮಾತ್ರ ಅಲ್ಲೇ ಬಿಳಿಯ ಅಥವಾ ಹಸಿರಿನ ಹಕ್ಕಳೆಯಾಗಿ ನಿಲ್ಲುತ್ತವೆ. ಹಾನಿ ಮಾಡಿದ ಲವಣವೇ ಈಗ ಸಾಕ್ಷಿ ಹೇಳುತ್ತದೆ. ಹೋಸ್‌ಗಳು ಕ್ಲಿಪ್ಪಿಗೆ ಸೇರುವ ಜಾಗ, ರೇಡಿಯೇಟರಿನ ಟ್ಯಾಂಕ್ ಮತ್ತು ಜಾಲರಿ ಕೂಡುವ ಅಂಚು, ಥರ್ಮೋಸ್ಟಾಟ್ ಮನೆಯ ಗ್ಯಾಸ್ಕೆಟ್ ಇವನ್ನು ಒಂದೊಂದಾಗಿ ನೋಡಿ. ವಾಟರ್ ಪಂಪಿನ ಕೆಳಗೊಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲ್ ಸವೆದಾಗ ಸುಳಿವು ಕೊಡಲೆಂದೇ ಇಟ್ಟ ರಂಧ್ರವದು. ಅಲ್ಲಿಂದ ಹನಿಯುತ್ತಿದ್ದರೆ ಪಂಪ್ ಬದಲಿಸಬೇಕು, ರಂಧ್ರ ಮುಚ್ಚಬಾರದು. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ, ಮುಂಗಾಜಿಗೆ ಜಿಡ್ಡು ಮಂಜು ಕವಿದರೆ ಹೀಟರ್ ಸೋರುತ್ತಿದೆ.

ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿ ಒತ್ತಡದ ಪರೀಕ್ಷೆ ಮಾಡಿಸಿ. ತಣ್ಣನೆಯ ಎಂಜಿನ್‌ನ ರೇಡಿಯೇಟರ್ ಬಾಯಿಗೆ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಕಾಯುತ್ತಾರೆ. ಮುಳ್ಳು ಇಳಿದರೆ ಸೋರುವ ಜಾಗ ಕೆಲವೇ ನಿಮಿಷಗಳಲ್ಲಿ ಒದ್ದೆಯಾಗುತ್ತದೆ. ಹೊರಗೆಲ್ಲೂ ಒದ್ದೆಯಿಲ್ಲದೆ ಮುಳ್ಳು ಇಳಿಯುತ್ತಿದ್ದರೆ ದ್ರವ ಎಂಜಿನ್‌ನ ಒಳಗೇ ಹೋಗುತ್ತಿರಬಹುದು. ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ, ಹಾಲು ಬೆರೆಸಿದಂಥ ಆಯಿಲ್ ಇವು ಹೆಡ್ ಗ್ಯಾಸ್ಕೆಟ್ ಹೋಗಿರುವ ಗುರುತುಗಳು. ರೇಡಿಯೇಟರಿನ ಗಾಳಿಯನ್ನು ಬ್ರೋಮೋಥೈಮಾಲ್ ಬ್ಲೂ ಎಂಬ ನೀಲಿ ದ್ರಾವಣದ ಮೂಲಕ ಹಾಯಿಸಿದರೆ ಅದರಲ್ಲಿ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ದ್ರಾವಣವನ್ನು ಹಳದಿ ಮಾಡಿ ಅನುಮಾನ ಬಗೆಹರಿಸುತ್ತದೆ.

ದುರಸ್ತಿ ಎಂದರೆ

ಸೆಟೆದ ಹೋಸ್‌ಗೆ ಟೇಪ್ ಸುತ್ತದೆ ಹೋಸ್, ಕ್ಲಿಪ್ ಎರಡನ್ನೂ ಹೊಸತು ಹಾಕಿಸಿ. ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರನ್ನು ಬೆಸುಗೆ ಹಾಕಿ ಉಳಿಸಬಹುದು. ಅಲ್ಯೂಮಿನಿಯಂ ಜಾಲರಿಗೆ ಪ್ಲಾಸ್ಟಿಕ್ ಟ್ಯಾಂಕ್ ಸೇರಿಸಿದ್ದಾದರೆ ಸಾಮಾನ್ಯವಾಗಿ ಬದಲಿಸುವುದೇ ಲೇಸು. ಹೆಡ್ ಗ್ಯಾಸ್ಕೆಟ್ ಬದಲಿಸುವಾಗ ಹೆಡ್ ಸೊಟ್ಟಗಾಗಿದೆಯೆ ಎಂದು ಅಳೆದು, ಬೇಕಾದರೆ ಫೇಸಿಂಗ್ ಮಾಡಿಸಲೇಬೇಕು.

ತೂತು ಮುಚ್ಚಲು ಅರಿಶಿನ ಪುಡಿ ಸುರಿಯುವ ಹಳೆಯ ಉಪಾಯವಾಗಲಿ, ಅಂಗಡಿಯ ಸೋರಿಕೆ ಪುಡಿಯಾಗಲಿ ಊರು ಮುಟ್ಟಲು ನೆರವಾದೀತು. ಪುಡಿಗೆ ತೂತು ಯಾವುದು, ರೇಡಿಯೇಟರಿನ ಕಿರುನಾಳ ಯಾವುದು ಎಂಬ ಭೇದ ಗೊತ್ತಿಲ್ಲ; ಎರಡನ್ನೂ ಕಟ್ಟಿಹಾಕುತ್ತದೆ. ಕಾಯುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವ ರೂಢಿಯೂ ತಪ್ಪು. ಎಂಜಿನ್ ತನಗೆ ಬೇಕಾದ ಬಿಸಿಗೆ ಬರಲಾಗದೆ ಹೆಚ್ಚು ಪೆಟ್ರೋಲ್ ಕುಡಿದು ಬೇಗ ಸವೆಯುತ್ತದೆ.

ದುರಸ್ತಿಯಾದ ಮೇಲೆ ಒಳಗಿನ ಹಳೆಯ ನೀರನ್ನೆಲ್ಲ ಬಸಿದು, ತೊಳೆದು, ಬೆರೆಸಿ ಸಿದ್ಧವಾಗಿ ಬರುವ ಕೂಲಂಟ್ ತುಂಬಿಸಿ. ಗಟ್ಟಿ ಕೂಲಂಟ್ ಕೊಂಡರೆ ಬೆರೆಸಲು ಬ್ಯಾಟರಿಗೆ ಹಾಕುವ ಶುದ್ಧ ನೀರೇ ಇರಲಿ. ಕೂಲಂಟಿನ ತುಕ್ಕುನಿರೋಧಕ ಕಾಲಕ್ರಮದಲ್ಲಿ ಖರ್ಚಾಗುವುದರಿಂದ ಕೈಪಿಡಿ ಹೇಳಿದ ಅವಧಿಗೆ ಅದನ್ನು ಬದಲಿಸಬೇಕು. ತುಂಬುವಾಗ ಗಾಳಿ ಸಿಕ್ಕಿಕೊಳ್ಳದಂತೆ ಹೀಟರ್ ತೆರೆದಿಟ್ಟು ಎಂಜಿನ್ ಓಡಿಸಿ. ತಾಪದ ಸಂವೇದಕದ ಬಳಿ ದ್ರವದ ಬದಲು ಗಾಳಿಯಿದ್ದರೆ ಎಂಜಿನ್ ಸುಡುತ್ತಿದ್ದರೂ ಮೀಟರ್ ಸರಿಯಿದೆ ಎಂದೇ ತೋರಿಸೀತು.

ಬಸಿದ ಕೂಲಂಟ್ ಚರಂಡಿಗಾಗಲಿ ಕೆರೆಗಾಗಲಿ ಸೇರಕೂಡದು. ಗ್ಲೈಕಾಲ್ ಸಿಹಿ; ನಾಯಿ, ದನ, ಮಕ್ಕಳು ಬಾಯಿಗಿಟ್ಟರೆ ಮೂತ್ರಪಿಂಡ ಕೆಡಿಸಿ ಜೀವಕ್ಕೇ ಎರವಾಗಬಲ್ಲದು. ಮುಚ್ಚಿದ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ಮತ್ತು ಕೂಲಂಟನ್ನು ಕ್ರಮವಾಗಿ ವಿಲೇವಾರಿ ಮಾಡುವ ಗ್ಯಾರೇಜಿಗೆ ಕೊಡಿ. ಆಮೇಲೆ ಟ್ಯಾಂಕಿನ ಮೇಲೆ ಹೊಸ ಗುರುತು ಹಾಕಿ ಒಂದು ತಿಂಗಳು ನೋಡಿ. ಒಂದು ಹನಿ ನೀರೂ ಹೊಯ್ಯದೆ ಮಟ್ಟ ಗುರುತಿನಲ್ಲೇ ನಿಂತಿದ್ದರೆ ಸೋರಿಕೆ ನಿಂತಿದೆ ಎಂದು ಧೈರ್ಯವಾಗಿ ಹೇಳಬಹುದು.