ಮೊಬೈಲ್ ಕಿತ್ತುಕೊಂಡರೆ ಸಾಕೇ?

‘ದಿನಕ್ಕೆ ಎಷ್ಟು ಗಂಟೆ ನೋಡಿದರೆ ಚಟ?’ ಇಂಟರ್ನೆಟ್ ಗೀಳಿನ ಮಾತು ಬಂದಾಗ ತಂದೆ-ತಾಯಿ ಮೊದಲು ಕೇಳುವುದು ಇದನ್ನೇ. ಮನೋವೈದ್ಯರು ಮಾತ್ರ ಗಂಟೆಗಳನ್ನಷ್ಟೇ ಎಣಿಸಿ ತೀರ್ಮಾನಕ್ಕೆ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಲ್ಲಿ ಜಾರಿಗೆ ಬಂತು. ಆನ್‌ಲೈನ್ ಆಟದ ಗೀಳು ಅದರಲ್ಲಿ ಕಾಯಿಲೆಯಾಗಿ ಸೇರಿದೆ. ಆಟ ಹಿಡಿತಕ್ಕೆ ಸಿಗುತ್ತಿಲ್ಲವೇ? ಊಟ, ಓದು, ಗೆಳೆತನವನ್ನೆಲ್ಲ ಹಿಂದಕ್ಕೆ ತಳ್ಳಿದೆಯೇ? ಕೆಡುಕಾಗುತ್ತಿದ್ದರೂ ಬಿಡಲಾಗುತ್ತಿಲ್ಲವೇ? ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಈ ಸ್ಥಿತಿ ಇದ್ದು, ಬದುಕು ಹದಗೆಟ್ಟಿದ್ದರೆ ಅದು ಕಾಯಿಲೆ. ಹಾಗಾಗಿ ರಜೆಯಲ್ಲಿ ನಾಲ್ಕು ದಿನ ಆಟಕ್ಕೆ ಅಂಟಿಕೊಂಡ ಹುಡುಗನಿಗೆ ರೋಗಿಯ ಪಟ್ಟ ಕಟ್ಟುವುದು ಅನ್ಯಾಯ.

ಬಿಡಲಾಗದಂತೆ ಹಿಡಿದಿಡುವುದು ಯಾವುದು? ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದಕ್ಕೊಂದು ಸುಳಿವಿದೆ. ಕುಕ್ಕಿದಾಗಲೆಲ್ಲ ಕಾಳು ಬಿದ್ದು, ಆಮೇಲೆ ನಿಂತರೆ ಹಕ್ಕಿ ಬೇಗ ಸುಮ್ಮನಾಗುತ್ತಿತ್ತು. ಯಾವಾಗ ಬೀಳುತ್ತದೋ ತಿಳಿಯದಂತಿದ್ದರೆ, ಕಾಳು ನಿಂತ ಮೇಲೂ ಕುಕ್ಕುತ್ತಲೇ ಇರುತ್ತಿತ್ತು. ರೀಲ್ಸ್ ನೋಡುವವರ ಹೆಬ್ಬೆರಳನ್ನು ಗಮನಿಸಿ: ಎರಡು ಸಪ್ಪೆ ವಿಡಿಯೊ, ಮೂರನೆಯದಕ್ಕೆ ನಗು, ಮತ್ತೆ ನಾಲ್ಕು ಸಪ್ಪೆ. ಬೆರಳು ನಿಲ್ಲುವುದಿಲ್ಲ, ಪುಟ ಮುಗಿಯುವುದೂ ಇಲ್ಲ. ಇದನ್ನು ಬರೀ ಮಕ್ಕಳ ಸೋಮಾರಿತನವೆಂದು ಬೈಯುವುದು ತಪ್ಪು. ಬಳಸುವವರು ಎದ್ದು ಹೋಗದಂತೆ ದೊಡ್ಡವರೇ ಕೂತು ರೂಪಿಸಿದ ವ್ಯವಸ್ಥೆ ಇದು.

ಮೊದಲು ಕೆಡುವುದು ಹೆಚ್ಚಾಗಿ ನಿದ್ದೆ. ರಾತ್ರಿ ಒಂದೂವರೆಗೆ ಮಲಗಿದವರಿಗೆ ಬೆಳಗ್ಗೆ ಸಿಡುಕು, ಪಾಠದಲ್ಲಿ ಮಂಪರು, ಸಂಜೆಗೆ ಮತ್ತೆ ಫೋನಿನದೇ ಆಸರೆ.

ಆತಂಕ, ಖಿನ್ನತೆ, ಒಂಟಿತನಗಳ ಲೆಕ್ಕ ಇಷ್ಟು ನೇರವಲ್ಲ. ಅತಿ ಬಳಕೆಯಿಂದ ಅವು ಹೆಚ್ಚಬಹುದು. ಮೊದಲೇ ನೊಂದಿದ್ದ ಮನಸ್ಸು ನೋವು ಮರೆಯಲು ಫೋನಿನೊಳಗೆ ಹೊಕ್ಕಿರಲೂಬಹುದು. ಶಾಲೆಯಲ್ಲಿ ಗೇಲಿಗೆ ಗುರಿಯಾದ ಮಗುವಿನ ಕೈಯಿಂದ ಮೊಬೈಲ್ ಕಿತ್ತುಕೊಂಡರೆ, ಇದ್ದೊಂದು ಆಸರೆಯೂ ತಪ್ಪಿತು, ಗೇಲಿ ಹಾಗೆಯೇ ಉಳಿಯಿತು.

ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ಗೀಳಿಗೆ ಸಿಕ್ಕವರಿಗಾಗಿ ‘ಶಟ್’ ಕ್ಲಿನಿಕ್ ತೆರೆಯಿತು. ಹೆಸರು ‘ಮುಚ್ಚು’ ಎನ್ನುವಂತಿದ್ದರೂ ತಂತ್ರಜ್ಞಾನವನ್ನು ಪೂರ್ತಿ ಬಿಡಿಸುವುದು ಅದರ ಗುರಿಯಲ್ಲ, ಹದವಾಗಿ ಬಳಸಲು ಕಲಿಸುವುದು. ಬೆಂಗಳೂರಿಗೆ ಬರಲಾಗದ ಮನೆಯವರು ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು-ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.