ಹದಿನಾರರ ಪೂರ್ಣತೆ: ಗಣಿತದ ವರ್ಗೀಕರಣ ಮತ್ತು ಜನಪದರ ಎಣಿಕೆ

ಕನ್ನಡದ ಆಡುಮಾತಿನಲ್ಲಿ ಎಳ್ಳಷ್ಟೂ ಕೊರತೆಯಿಲ್ಲದ ನಿಜವನ್ನು ‘ಹದಿನಾರಾಣೆ ಸತ್ಯ’ ಎನ್ನುವುದು ರೂಢಿ. ಆದರೆ ಗಣಿತಶಾಸ್ತ್ರವು ಹದಿನಾರನ್ನು ಕೊರತೆಯುಳ್ಳ ಸಂಖ್ಯೆ ಎಂದೇ ಪರಿಗಣಿಸುತ್ತದೆ. ಒಂದು ಸಂಖ್ಯೆಯು ತನ್ನನ್ನು ಬಿಟ್ಟು ಉಳಿದ ಅಪವರ್ತನಗಳ ಮೊತ್ತಕ್ಕೆ ಸಮನಾಗಿದ್ದರೆ ಅದು ಪರಿಪೂರ್ಣ ಸಂಖ್ಯೆ. 6 (1+2+3) ಮತ್ತು 28 ಇದಕ್ಕೆ ನಿದರ್ಶನಗಳು. ಮೊತ್ತವು ಹೆಚ್ಚಾದರೆ ಅಧಿಕ, ಕಡಿಮೆಯಾದರೆ ನ್ಯೂನ. ಸುಮಾರು ಕ್ರಿ.ಶ. 100ರ ವೇಳೆಗೆ ಗ್ರೀಕ್ ವಿದ್ವಾಂಸ ನಿಕೊಮ್ಯಾಕಸ್ ನಿರೂಪಿಸಿದ ಈ ವಿಂಗಡಣೆಯಂತೆ 16ರ ಅಪವರ್ತನಗಳ ಮೊತ್ತ 1+2+4+8=15. ಒಂದು ಕಡಿಮೆಯಾದ್ದರಿಂದ ಅದು ನ್ಯೂನ ಸಂಖ್ಯೆ.

ಜನಪದರು ಸಂಖ್ಯೆಗೆ ಕೇಳಿದ ಪ್ರಶ್ನೆಯೇ ಬೇರೆ: ಇದನ್ನು ಮುರಿಯದೆ ಎಷ್ಟು ಸಲ ಸಮಪಾಲು ಮಾಡಬಹುದು? 10ನ್ನು ಒಮ್ಮೆ ಅರ್ಧಿಸಿದರೆ 5 ಬಂದು ಪಾಲು ನಿಂತುಹೋಗುತ್ತದೆ. 16 ಮಾತ್ರ 8, 4, 2 ಎಂದು ಇಳಿದು ಒಂದಕ್ಕೇ ಬಂದು ಮುಟ್ಟುತ್ತದೆ. ಎರಡರ ನಾಲ್ಕನೆಯ ಘಾತವಾಗಿರುವುದೇ ಇದಕ್ಕೆ ಕಾರಣ.

ಹಳೆಯ ಅಳತೆಗಳಲ್ಲಿ ಈ ಗುಣವು ಸ್ಪಷ್ಟವಾಗಿ ಕಾಣುತ್ತದೆ. ಸೇರು, ಅರೆಸೇರು, ಪಾವು, ಅರೆಪಾವು, ಚಟಾಕು ಎಂಬ ಇಳಿಕೆಯಲ್ಲಿ ಪ್ರತಿ ಹೆಜ್ಜೆಯೂ ಹಿಂದಿನದರ ಅರ್ಧ. ಪ್ರತಿ ಅರ್ಧಕ್ಕೂ ಒಂದು ಹೆಸರು. ಹದಿನಾರು ಚಟಾಕು ಸೇರಿ ಒಂದು ಸೇರು. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಸೇರಿನ ಲೆಕ್ಕ ಇಂದಿಗೂ ಕೇಳಿಬರುತ್ತದೆ. ಹದಿನಾರನೆಯ ಒಂದು ಪಾಲಿಗೆ ಕನ್ನಡದಲ್ಲಿ ‘ವೀಸ’ ಎಂಬ ಹಳೆಯ ಪದವೇ ಇರುವುದರಿಂದ, ಈ ಎಣಿಕೆಯನ್ನು ಕೇವಲ ಆಣೆಯ ನಾಣ್ಯದ ಕೊಡುಗೆ ಎನ್ನಲಾಗದು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದಿತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯದಾಯಿತು. ನೂರನ್ನು ಎರಡು ಸಲ ಮಾತ್ರ ಮುರಿಯದೆ ಅರ್ಧಿಸಬಹುದು: 50, 25. ಮುಂದಿನ ಅರ್ಧ ಹನ್ನೆರಡೂವರೆ, ಅದರಾಚೆ ಆರೂಕಾಲು. ಐವತ್ತು ಪೈಸೆಗೆ ‘ಎಂಟಾಣೆ’, ಇಪ್ಪತ್ತೈದಕ್ಕೆ ‘ನಾಲ್ಕಾಣೆ’ ಎಂಬ ಹೆಸರುಗಳು ಹೊಸ ನಾಣ್ಯಗಳಿಗೂ ಅಂಟಿಕೊಂಡು ಉಳಿದವು. ಸರಿಹೊಂದುವ ನಾಣ್ಯವಿಲ್ಲದ ‘ಎರಡಾಣೆ’, ‘ಒಂದಾಣೆ’ಗಳು ಬಳಕೆಯಿಂದ ಜಾರಿದವು. ಯಾವ ಪದ ಉಳಿಯಬೇಕೆಂಬುದನ್ನು ಇಲ್ಲಿ ಬಹುಮಟ್ಟಿಗೆ ಸಂಖ್ಯೆಯ ಭಾಜ್ಯತೆಯೇ ನಿರ್ಧರಿಸಿದೆ. 2011ರ ಜೂನ್ 30ರಿಂದ ಇಪ್ಪತ್ತೈದು ಪೈಸೆಯ ನಾಣ್ಯವೂ ಚಲಾವಣೆ ಕಳೆದುಕೊಂಡು, ‘ನಾಲ್ಕಾಣೆ’ಯ ಆಸರೆ ತಪ್ಪಿತು.

ಆಣೆ ಇನ್ನೂ ಲೆಕ್ಕವಾಗಿಯೇ ಉಳಿದಿರುವುದು ಭೂಮಿಯ ಅಳತೆಯಲ್ಲಿ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಹದಿನಾರರ ಗುಣವು ಇಂದಿಗೂ ದುಡಿಯುತ್ತಿದೆ.

ಹೀಗೆ ಶಾಸ್ತ್ರದ ನ್ಯೂನತೆ ಹಾಗೂ ಜನಪದರ ಪೂರ್ಣತೆ ಪರಸ್ಪರ ವಿರುದ್ಧವಲ್ಲ. ಒಂದು ಕೂಡುವ ದೃಷ್ಟಿ, ಇನ್ನೊಂದು ಹಂಚುವ ದೃಷ್ಟಿ. ‘ಹದಿನಾರಾಣೆ’ಗೆ ‘ಸಂಪೂರ್ಣ’ ಎಂದಷ್ಟೇ ಅರ್ಥ ಬರೆದರೆ ನುಡಿಗಟ್ಟು ದಾಖಲಾಗುತ್ತದೆ, ಅದರೊಳಗಿನ ಗಣಿತ ಕಳೆದುಹೋಗುತ್ತದೆ. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಲ್ಲಿ ಉಳಿಸಿಕೊಂಡ ಹಿರಿಯರು ವಿರಳರಾಗುತ್ತಿರುವ ಈ ಹೊತ್ತಿನಲ್ಲಿ, ಕ್ಷೇತ್ರಕಾರ್ಯವು ನುಡಿಯೊಂದಿಗೆ ಅದರ ಲೆಕ್ಕವನ್ನೂ ಬರೆದಿಟ್ಟುಕೊಳ್ಳಬೇಕಾಗಿದೆ.