ಕ್ಲೋರೈಡಿಗೊಬ್ಬ ಅಂಬಿಗ

ಬಟ್ಟಲಿನ ನೀರಿನಲ್ಲಿ ಚಿಟಿಕೆ ಉಪ್ಪನ್ನು ಕರಗಿಸಿ, ಮೇಲೆ ಕೊಂಚ ಎಣ್ಣೆಯನ್ನು ಸುರಿದು ನೋಡಿರಿ. ಉಪ್ಪು ನೀರನ್ನು ಬಿಟ್ಟು ಎಣ್ಣೆಗೆ ಏರುವುದಿಲ್ಲ. ನಮ್ಮ ಜೀವಕೋಶದ ಪೊರೆಯ ನಡುಭಾಗವೂ ಎಣ್ಣೆಯಂತಹುದೇ. ಆದುದರಿಂದ ಉಪ್ಪಿನಲ್ಲಿರುವ ಕ್ಲೋರೈಡ್ ಎಂಬ ಋಣ ಅಯಾನು ಅದನ್ನು ತಾನಾಗಿ ದಾಟಲಾರದು. ಪ್ರೋಟೀನಿನ ದ್ವಾರ ಬೇಕು. ಅಂತಹದೊಂದು ದ್ವಾರ ಹುಟ್ಟಿನಿಂದಲೇ ಕೆಟ್ಟಿದ್ದರೆ, ಕ್ಲೋರೈಡನ್ನು ಹಿಂಬಾಲಿಸಬೇಕಾದ ನೀರೂ ನಿಲ್ಲುತ್ತದೆ. ಶ್ವಾಸಕೋಶದ ಲೋಳೆ ಗಟ್ಟಿಯಾಗಿ ಉಸಿರಾಟವೇ ಕಷ್ಟವಾಗುತ್ತದೆ. ಇದೇ ಸಿಸ್ಟಿಕ್ ಫೈಬ್ರೋಸಿಸ್. ಇದಕ್ಕೆ ಕಾರಣವಾದ ಜೀನನ್ನು 1989ರಲ್ಲಿ ಗುರುತಿಸಲಾಯಿತು.

ದ್ವಾರ ಮುಚ್ಚಿದ್ದರೆ ಹೊಳೆ ದಾಟಿಸುವ ಅಂಬಿಗನನ್ನೇಕೆ ನೇಮಿಸಬಾರದು? 1968ರಲ್ಲಿ ಪಾರ್ಕ್ ಮತ್ತು ಸಿಮನ್ಸ್ ಎಂಬ ರಸಾಯನಶಾಸ್ತ್ರಜ್ಞರು, ಆಮ್ಲದ್ರಾವಣದಲ್ಲಿ ಕ್ಲೋರೈಡನ್ನು ತನ್ನ ಪೊಳ್ಳಿನೊಳಗೆ ಹಿಡಿಯಬಲ್ಲ ಪಂಜರದಂತಹ ಅಣುವನ್ನು ವರ್ಣಿಸಿದರು. ಇಂದಿನ ಅನೇಕ ಕೃತಕ ಅಂಬಿಗರಲ್ಲಿ ಯೂರಿಯದಂತಹ ಗುಂಪುಗಳಿವೆ. ಅವುಗಳಲ್ಲಿ ಸಾರಜನಕಕ್ಕೆ ಸೇರಿದ ಜಲಜನಕವು ತುಸು ಧನ ವಿದ್ಯುದಂಶವನ್ನು ತಳೆದು ಕ್ಲೋರೈಡನ್ನು ಸೆಳೆಯುತ್ತದೆ. ಅಣುವಿನ ಹೊರಮೈ ಎಣ್ಣೆಗೆ ಒಗ್ಗುವುದರಿಂದ ಅದು ಹೊರೆಸಹಿತ ಪೊರೆಯನ್ನು ದಾಟುತ್ತದೆ.

ಆದರೆ ಹಿಡಿತ ಸಡಿಲವಾದರೆ ಸುತ್ತಣ ನೀರಿನ ಅಣುಗಳು ಕ್ಲೋರೈಡನ್ನು ಬಿಟ್ಟುಕೊಡವು; ತೀರ ಬಿಗಿಯಾದರೆ ಹೊರೆ ಆಚೆಯ ದಡದಲ್ಲಿ ಇಳಿಯದು. ಅಂಬಿಗನು ಹತ್ತಿಸಿಕೊಳ್ಳಲೂ ಬಲ್ಲವನಾಗಿರಬೇಕು, ಇಳಿಸಲೂ ಬಲ್ಲವನಾಗಿರಬೇಕು. ಜೊತೆಗೆ, ಒಂದು ಋಣ ಅಯಾನು ಒಳಹೊಕ್ಕರೆ ವಿದ್ಯುತ್ ಸಮತೋಲಕ್ಕಾಗಿ ಇನ್ನೊಂದು ಹೊರಬರಬೇಕು, ಇಲ್ಲವೆ ಧನ ಅಯಾನೊಂದು ಜೊತೆಗೂಡಬೇಕು.

ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ವಿಷವಾಗದೆ ಇಂತಹ ಅಣುಗಳು ಅಯಾನುಗಳನ್ನು ಸಾಗಿಸಿದುದು 2016ರಲ್ಲಿ ಪ್ರಕಟವಾಯಿತು. ರೋಗಿಯ ಎದೆಯೊಳಗೂ ಅವು ಹಾಗೆಯೇ ದುಡಿದಾವೇ? ಔಷಧಿಯಾಗುವ ಮುನ್ನ ಅವು ಉತ್ತರಿಸಬೇಕಾದ ಪ್ರಶ್ನೆ ಅದು.